ಎಲಿಹಿಯೊ ಫಾರ್ಮ್ ತುಂಬಿದ್ದು

ಎಲಿಹಿಯೊ ಸಾಂತಿಯಾನ್‌ಗೆ ಇಂಗ್ಲಿಷ್ ಬರುತ್ತದೆ ಎಂಬ ಸುದ್ದಿಯನ್ನು ಸ್ಪ್ಯಾನಿಷ್ ಮಾತಾಡುವ ಬಾಯ್ಲ್ ಹೈಟ್ಸ್ ಬಡಾವಣೆಯಲ್ಲಿ ಮೊದಲು ಹಬ್ಬಿಸಿದವನು ಎಲಿಹಿಯೊ ಸಾಂತಿಯಾನ್. ಬೇರೆ ಮೂಲಗಳಿಂದ ಅದು ದೃಢಪಟ್ಟಿರಲಿಲ್ಲ.

ಅವನಿಗೆ ನಲವತ್ತೇಳು ವರ್ಷ. ಲಾಸ್ ಏಂಜಲೀಸ್‌ನ ಒಂದು ಗಾರ್ಮೆಂಟ್ಸ್‌ನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹಬೆಯ ಇಸ್ತ್ರಿ ಹಿಡಿದು ನಿಂತಿದ್ದಾನೆ. ಎರಡು ವರ್ಷಗಳಿಂದ ಸಂಜೆ ಹೊತ್ತು ಕಮ್ಯುನಿಟಿ ಕಾಲೇಜಿನಲ್ಲಿ ಬಟ್ಟೆಯ ಪ್ಯಾಟರ್ನ್, ಅಂದರೆ ಕಾಗದದ ಅಳತೆಯಚ್ಚು, ಕತ್ತರಿಸುವುದನ್ನು ಕಲಿಯುತ್ತಿದ್ದಾನೆ. ಅವನ ಇಂಗ್ಲಿಷ್ ಪೂರ್ತಿ ಈ ಎರಡು ಜಾಗಗಳಿಂದ ಬಂದದ್ದು. ತೋಳು ಭುಜಕ್ಕೆ ಕೂಡುವ ಜಾಗದ ಬಗ್ಗೆ ಅವನು ಇಂಗ್ಲಿಷಿನಲ್ಲಿ ಮುಕ್ಕಾಲು ಗಂಟೆ ಮಾತಾಡಬಲ್ಲ. ಹಲ್ಲು ನೋವು ಎಂದು ವೈದ್ಯರಿಗೆ ಹೇಳಲಾರ.

ಈ ಕಥೆಗೆ ಸಂಬಂಧಪಟ್ಟ ಪದ ಒಂದೇ: ಫಾರ್ಮ್. ಗಾರ್ಮೆಂಟ್ಸ್‌ನಲ್ಲಾಗಲಿ ಕಾಲೇಜಿನಲ್ಲಾಗಲಿ ಫಾರ್ಮ್ ಎಂದರೆ ಬಟ್ಟೆ ತೊಡಿಸಿ ನೋಡುವ ಬೊಂಬೆ. ಅದಕ್ಕೆ ತಲೆಯಿಲ್ಲ, ಕೈಯಿಲ್ಲ, ಕಾಲಿನ ಜಾಗದಲ್ಲಿ ಕಬ್ಬಿಣದ ಕಂಬ, ಕಂಬದ ಕೆಳಗೆ ನಾಲ್ಕು ಗಾಲಿ. ಮುಚ್ಚಿಹೋದ ಒಂದು ಹೊಲಿಗೆ ಅಂಗಡಿಯಿಂದ ಎಲಿಹಿಯೊ ಅಂಥದ್ದೊಂದನ್ನು ಕೊಂಡು ತಂದು ಮನೆಯ ಹಜಾರದಲ್ಲಿ ನಿಲ್ಲಿಸಿದ್ದ. ಹೆಂಗಸರ ಎಂಟನೇ ಸೈಜು. ಅವನ ಅತ್ತೆ ಡೋನ್ಯಾ ಎರ್ಲಿಂಡಾ ಅದನ್ನು 'ತಲೆಯಿಲ್ಲದವಳು' ಎಂದು ಕರೆಯುತ್ತಿದ್ದರು, ಜಪಮಾಲೆ ಹಿಡಿದು ಕೂರುವ ಹೊತ್ತಿನಲ್ಲಿ ಅದರ ಮೇಲೆ ಶಾಲು ಹೊದಿಸುತ್ತಿದ್ದರು. ಫಾರ್ಮ್ ಎಂಬ ಪದಕ್ಕೆ ಇನ್ನೊಂದು ಅರ್ಥವೂ ಇದೆಯೆಂದು ಎಲಿಹಿಯೊಗೆ ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ. ಸರ್ಕಾರದ್ದು, ಬ್ಯಾಂಕಿನದು, ಕಾಲೇಜಿನದು, ಮನೆಗೆ ಬಂದ ಕಾಗದವನ್ನೆಲ್ಲ ಮಗಳು ಮಾರಿಕ್ರೂಸ್ ತುಂಬುತ್ತಿದ್ದಳು. ಅವನು ತೋರಿಸಿದ ಕಡೆ ಸಹಿ ಹಾಕುತ್ತಿದ್ದ. ಆ ಮನೆಯಲ್ಲಿ ಅವುಗಳ ಹೆಸರು ಬರೀ 'ಕಾಗದ'.

ಮಾರಿಕ್ರೂಸ್ ಈಗ ಓದಲು ಸ್ಯಾಕ್ರಮೆಂಟೊದಲ್ಲಿದ್ದಳು. ಎಲಿಹಿಯೊನ ಹೆಸರಿಗೆ ಸ್ಕಾಲರ್‌ಶಿಪ್ ಪತ್ರ ಬಂದ ಶನಿವಾರ ಮನೆ ತುಂಬ ಜನರಿದ್ದರು. ಎಲಿಹಿಯೊನ ಹೆಂಡತಿ ಒಡೀಲಿಯಾಳ ಹುಟ್ಟುಹಬ್ಬ. ಮಾರಿಕ್ರೂಸ್‌ಗೆ ದೀಕ್ಷಾಸ್ನಾನದ ದಿನ ಧರ್ಮತಂದೆಯಾಗಿ ನಿಂತ ಫಿಡೆನ್ಸಿಯೊ, ಅಂದರೆ ಎಲಿಹಿಯೊನ ಕಂಪಾದ್ರೆ, ಲಕೋಟೆ ನೋಡಿ ಸಹಜವಾಗಿಯೇ ಹೇಳಿದ: "ಹುಡುಗಿಗೆ ಫೋನ್ ಮಾಡಿ ಕಂಪಾದ್ರೆ, ಓದಿ ಹೇಳ್ತಾಳೆ."

ಹದಿನಾಲ್ಕು ಜನ ಕೇಳಿಸಿಕೊಂಡರು. ಎಲಿಹಿಯೊ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟ.

"ಎರಡು ವರ್ಷದಿಂದ ಕಾಲೇಜಿಗೆ ಹೋಗ್ತಿರೋದು ನಾನೋ ಅವಳೋ?" ಎಂದ.

ಹೋಗುತ್ತಿದ್ದದ್ದು ಇಬ್ಬರೂ. ಆದರೆ ಆ ಅಂಶವನ್ನು ಯಾರೂ ಎತ್ತಲಿಲ್ಲ.

ಅವನು ನಿಂತುಕೊಂಡು ಪತ್ರ ಓದಿದ. ಗೊತ್ತಿದ್ದ ಪದವನ್ನು ಗಟ್ಟಿಯಾಗಿ ಓದುತ್ತಿದ್ದ, ಗೊತ್ತಿಲ್ಲದ್ದನ್ನು ರಸ್ತೆಗುಂಡಿಯಂತೆ ದಾಟಿಕೊಂಡು ಹೋಗುತ್ತಿದ್ದ. ಮುಖ್ಯ ವಿಷಯವೇನೋ ಸರಿಯಾಗಿಯೇ ತಿಳಿಯಿತು. ಕಮ್ಯುನಿಟಿ ಕಾಲೇಜಿನವರನ್ನು ಫ್ಯಾಷನ್ ಉದ್ಯಮಕ್ಕೆ ಸೇರಿಸಲೆಂದೇ ಇರುವ ಒಂದು ನಿಧಿ ಅವನನ್ನು ಕೊನೆಯ ಹನ್ನೊಂದು ಜನರಲ್ಲಿ ಒಬ್ಬನಾಗಿ ಆರಿಸಿತ್ತು. ಗೆಲ್ಲುವವರು ಒಬ್ಬರೇ. ಅವರಿಗೆ ಕಡೆಯ ವರ್ಷದ ಶುಲ್ಕ, ಜೊತೆಗೆ ಪೇಟೆಯ ದೊಡ್ಡ ಉಡುಪು ಕಂಪನಿಯ ಪ್ಯಾಟರ್ನ್ ಕೋಣೆಯಲ್ಲಿ ಆರು ತಿಂಗಳ ಸಂಬಳದ ಕೆಲಸ. ಪ್ಯಾಟರ್ನ್ ಕೋಣೆಯಲ್ಲಿ ಹಬೆ ಇರುವುದಿಲ್ಲ. ಕಿಟಕಿ ಇರುತ್ತದೆ. ಇಪ್ಪತ್ತೆರಡು ವರ್ಷ ಇಸ್ತ್ರಿ ಹಿಡಿದವನಿಗೆ ಸ್ವರ್ಗವನ್ನು ಇನ್ನೂ ಬಿಡಿಸಿ ವಿವರಿಸಬೇಕಾಗಿಲ್ಲ.

ತಾನೇ ಹೊಲಿದ ಒಂದು ಉಡುಪನ್ನೂ ಫಾರ್ಮನ್ನೂ ಶುಕ್ರವಾರ ಸಂಜೆ ನಾಲ್ಕರೊಳಗೆ ಖುದ್ದಾಗಿ ತಂದು ಒಪ್ಪಿಸಬೇಕು. 'ಇದರೊಂದಿಗೆ ಲಗತ್ತಿಸಿರುವ ಫಾರ್ಮ್' ಎಂದಿತ್ತು. 'ಲಗತ್ತಿಸಿರುವ' ಎಂಬುದು ದಾಟಿಹೋದ ಗುಂಡಿಗಳಲ್ಲಿ ಒಂದು. ಲಕೋಟೆಯಲ್ಲಿದ್ದ ಗಟ್ಟಿ ಹಳದಿ ಹಾಳೆಯನ್ನು, ಪತ್ರ ಮಡಚಿಹೋಗದಿರಲೆಂದು ಇಟ್ಟ ರಟ್ಟು ಎಂದುಕೊಂಡು ಮೇಜಿನ ಮೇಲೆ ಬಿಟ್ಟ. ಪ್ಯಾಟರ್ನ್ ಕಲಿಯುವವನು ಒಳ್ಳೆಯ ರಟ್ಟನ್ನು ಎಸೆಯುವುದಿಲ್ಲ.

ಉಳಿದ ಸೂಚನೆಗಳು ಅವನಿಗೆ ಕಠಿಣವಾಗಿ ಕಂಡವೇ ಹೊರತು ವಿಚಿತ್ರವಾಗಿ ಕಾಣಲಿಲ್ಲ. ಫಾರ್ಮನ್ನು ಅಭ್ಯರ್ಥಿಯ ಸ್ವಂತ ವಿವರಗಳಿಂದ ಪೂರ್ತಿ ತುಂಬಬೇಕು. ಒಬ್ಬ ಗಿರಾಕಿಯ ಮೈ ಅಳತೆಗೆ ಸರಿಯಾಗಿ ಬೊಂಬೆಗೆ ಹತ್ತಿ ತುಂಬುವುದು ಈ ಕಸುಬಿನಲ್ಲಿ ಮಾಮೂಲು ಕೆಲಸ, ಕಳೆದ ಸೆಮಿಸ್ಟರಿನ ಪಾಠವೂ ಹೌದು. ಮೇಲ್ಭಾಗದಲ್ಲಿ ಪೂರ್ಣ ಹೆಸರನ್ನು ಕಪ್ಪು ಇಂಕಿನಲ್ಲಿ ಬರೆಯಬೇಕು. ಕೆಳಭಾಗದಲ್ಲಿ ಶಿಕ್ಷಕರು, ಕೆಲಸ ಕೊಟ್ಟವರು ಮತ್ತು ಮನೆಯ ಹಿರಿಯರು ಸಹಿ ಹಾಕಬೇಕು. ಒಂದು ಪ್ರತಿ ಇಟ್ಟುಕೊಳ್ಳಬೇಕು, ಒಪ್ಪಿಸಿದ ಫಾರ್ಮನ್ನು ವಾಪಸು ಕೊಡುವುದಿಲ್ಲ. ಎಲ್ಲಕ್ಕಿಂತ ಗಂಭೀರವಾದದ್ದು ಕೊನೆಯ ಸಾಲು: ಫಾರ್ಮಿಗೆ ಗುಂಡುಸೂಜಿ ಚುಚ್ಚಬಾರದು.

"ಫಾರ್ಮ್ ಇರೋದೇ ಚುಚ್ಚೋಕೆ," ಎಂದ ಎಲಿಹಿಯೊ. "ಇಲ್ಲೇ ಪರೀಕ್ಷೆ ಇರೋದು."

ಭಾನುವಾರ ಬೆಳಿಗ್ಗೆ ಅವನು ಹತ್ತಿ ತುಂಬಲು ಕೂತ. ಎದೆ ನಲವತ್ತು ಅಂಗುಲ, ಅದರಲ್ಲಿ ತಕರಾರಿರಲಿಲ್ಲ. ಹೊಟ್ಟೆಯ ಜಾಗಕ್ಕೆ ಬಂದಾಗ ಅವನು ಒಂದು ಚೀಟಿಯಲ್ಲಿ ಮೂವತ್ತೊಂಬತ್ತು ಎಂದು ಬರೆದುಕೊಂಡ. ಎದುರಿಗೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಡೋನ್ಯಾ ಎರ್ಲಿಂಡಾ, ಪತ್ರದಲ್ಲಿ ಸುಳ್ಳು ವಿವರದ ಬಗ್ಗೆ ಏನೋ ಇತ್ತಲ್ಲ ಎಂದು ಕೇಳಿದರು. ಸುಳ್ಳು ಕಂಡರೆ ಅರ್ಜಿ ವಜಾ ಎಂದಿದೆ ಎಂದು ಅಳಿಯ ಒಪ್ಪಿಕೊಂಡ.

"ಹಾಗಾದ್ರೆ ಎದ್ದು ನಿಲ್ಲು, ಮಗನೇ," ಎಂದರು ಅವರು. "ಉಸಿರು ಬಿಟ್ಟು ನಿಲ್ಲು. ಇಲ್ಲ, ಪೂರ್ತಿ ಬಿಡು. ಊಟ ಆದ್ಮೇಲೆ ಕುರ್ಚಿಯಲ್ಲಿ ಬಿಡ್ತೀಯಲ್ಲ, ಹಾಗೆ."

ಟೇಪು ನಲವತ್ತೆರಡು ತೋರಿಸಿತು.

"ಡೋನ್ಯಾ ಎರ್ಲಿಂಡಾ, ನಲವತ್ತು ಅಂತ ಇಟ್ಟುಕೊಳ್ಳೋಣವೇ? ಶುಕ್ರವಾರದ ಹೊತ್ತಿಗೆ ಇಳಿಸ್ತೀನಿ."

"ನನ್ನ ಸಹಿ ಬೇಕು ಅಂದ್ಯಲ್ಲ," ಎಂದರು ಅತ್ತೆ. "ನಾನು ನಲವತ್ತೆರಡಕ್ಕೆ ಮಾತ್ರ ಸಹಿ ಹಾಕೋದು."

ಸಹಿ ಹಾಕಿದರು. ಸೊಂಟದ ಎಡಗಡೆ, ದೊಡ್ಡ ಅಕ್ಷರಗಳಲ್ಲಿ. ಪಕ್ಕದಲ್ಲಿ ತಮ್ಮ ಹುಟ್ಟೂರನ್ನೂ ಬರೆದರು, ಯಾರಾದರೂ ಕೇಳಿದರೆ ಇರಲಿ ಎಂದು.

ಸಮಸ್ಯೆ ಆಮೇಲೆ ತಿಳಿಯಿತು. ಒಪ್ಪಿಸಲು ಅವನು ಹೊಲಿದಿಟ್ಟಿದ್ದದ್ದು ಬೂದು ಉಣ್ಣೆಯ ಕೋಟು, ಹೆಂಗಸರ ಎಂಟನೇ ಸೈಜು. ತುಂಬಿದ ಫಾರ್ಮಿಗೆ ಅದನ್ನು ತೊಡಿಸಿದಾಗ ಗುಂಡಿಗೂ ಗುಂಡಿಮನೆಗೂ ನಡುವೆ ಹನ್ನೆರಡು ಅಂಗುಲ ಉಳಿಯಿತು. ಎಲಿಹಿಯೊ ಅದನ್ನು ಐದು ನಿಮಿಷ ನೋಡಿದ. ಆಮೇಲೆ ಉಳಿದ ಉಣ್ಣೆ ಬಟ್ಟೆಯನ್ನು ನೆಲದ ಮೇಲೆ ಹಾಸಿದ. ಹೊಟ್ಟೆಗೆ ಕೋಟು ಹೊಲಿಯುವುದು ಹೇಗೆಂದು ಯಾವ ತರಗತಿಯಲ್ಲೂ ಹೇಳಿಕೊಟ್ಟಿರಲಿಲ್ಲ, ಕಾಲೇಜಿನ ಬೊಂಬೆಗಳಿಗೆ ಹೊಟ್ಟೆಯೇ ಇರಲಿಲ್ಲ. ಆದರೆ ಅವನು ಇಪ್ಪತ್ತೆರಡು ವರ್ಷ ಹೊಟ್ಟೆಯ ಮೇಲೆ ಎಳೆದುಕೊಂಡು ಕೂರುವ ಕೋಟುಗಳಿಗೆ ಇಸ್ತ್ರಿ ಹಾಕಿದ್ದ. ಅವು ಎಲ್ಲಿ ಎಳೆಯುತ್ತವೆ, ಎಲ್ಲಿ ಮುದುಡುತ್ತವೆ ಎಂಬುದು ಕೈಗೆ ಗೊತ್ತಿತ್ತು. ಜೇಬಿನ ಪ್ಯಾಟರ್ನ್‌ಗೆ ಗಟ್ಟಿ ಕಾಗದ ಬೇಕಾದಾಗ ಮೇಜಿನ ಮೇಲೆ ಆ ಹಳದಿ ರಟ್ಟು ಕಣ್ಣಿಗೆ ಬಿತ್ತು. ಮೇಲೆ ಗೆರೆ, ಚೌಕ ಎಲ್ಲ ಇದ್ದದ್ದರಿಂದ ಕತ್ತರಿಸಲು ತುಂಬ ಅನುಕೂಲವಾಯಿತು.

ಬುಧವಾರ ಶಿಕ್ಷಕಿಯ ಸಹಿ. ಪ್ಯಾಟರ್ನ್ ಕಲಿಸುವ ಶ್ರೀಮತಿ ಬೆಡ್ರೋಸಿಯನ್ ಸ್ಕಾಲರ್‌ಶಿಪ್ ಫಾರ್ಮ್ ಎಂದೊಡನೆ, ತಂದು ನನ್ನ ಕೋಣೆಯಲ್ಲಿಡಿ, ಊಟ ಮುಗಿಸಿ ಬಂದು ಸಹಿ ಹಾಕುತ್ತೇನೆ ಎಂದಿದ್ದರು. ಎಲಿಹಿಯೊ ಹನ್ನೊಂದು ಅಡ್ಡರಸ್ತೆಗಳುದ್ದಕ್ಕೂ ಫಾರ್ಮನ್ನು ಗಾಲಿಯ ಮೇಲೆ ತಳ್ಳಿಕೊಂಡು ಹೋಗಿ ಅವರ ಕುರ್ಚಿಯ ಪಕ್ಕ ನಿಲ್ಲಿಸಿ, ಪೆನ್ನನ್ನು ಕುತ್ತಿಗೆಗೆ ದಾರದಿಂದ ಕಟ್ಟಿ, ಇಸ್ತ್ರಿ ಪಾಳಿಗೆ ಓಡಿದ. ಶ್ರೀಮತಿ ಬೆಡ್ರೋಸಿಯನ್ ಜೂನ್‌ನಲ್ಲಿ ನಿವೃತ್ತರಾಗುವವರಿದ್ದರು. ಸಹಿಗಾಗಿ ಕಾದು ನಿಂತ ಬೊಂಬೆಯನ್ನು ಕಂಡು, ಇದು ವಿದ್ಯಾರ್ಥಿಗಳೆಲ್ಲ ಸೇರಿ ತಮಗೆ ಕೊಡುತ್ತಿರುವ ಬೀಳ್ಕೊಡುಗೆ ಎಂದು ತಿಳಿದರು. ಮೂವತ್ತೊಂದು ವರ್ಷದ ಸೇವೆಯಲ್ಲಿ ಯಾರೂ ಹೀಗೆ ಮಾಡಿರಲಿಲ್ಲ. ಕಣ್ಣೊರೆಸಿಕೊಂಡು, 'ನಿಮ್ಮನ್ನು ಎಂದೂ ಮರೆಯುವುದಿಲ್ಲ' ಎಂದು ಬರೆದು ಸಹಿ ಮಾಡಿದರು. ಕಾಗದದ ಫಾರ್ಮ್ ತರಲು ಆ ಮನುಷ್ಯ ಮರೆತನಲ್ಲ ಎಂದು ಆಮೇಲೆ ಒಮ್ಮೆ ಅವರಿಗೆ ಅನ್ನಿಸಿದ್ದೂ ಉಂಟು.

ಕೆಲಸ ಕೊಟ್ಟವರ ಸಹಿಗೆ ಕಷ್ಟವಾಗಲಿಲ್ಲ. ಗಾರ್ಮೆಂಟ್ಸ್ ಮಾಲೀಕರ ಹೆಸರು ಮಿಸ್ಟರ್ ನೋ, ಆದರೆ ಅವರು ಎಲ್ಲಕ್ಕೂ ಹೂಂ ಅನ್ನುವವರು. ಒಂದು ಕಿವಿಯಲ್ಲಿ ಫೋನ್ ಇಟ್ಟುಕೊಂಡೇ, ಅಂದು ಬಂದ ಸರಕಿನ ಚೀಟಿಗಳಿಗೆ ಹಾಕಿದಂತೆ ಬೊಂಬೆಯ ಬಲ ಸೊಂಟಕ್ಕೂ ಸಹಿ ಹಾಕಿ, ಇದನ್ನು ಮೂರನೇ ಮಹಡಿಗೆ ಕಳಿಸಿ ಎಂದರು.

ಗುರುವಾರ ಮಾರಿಕ್ರೂಸ್ ಬಸ್ಸಿನಿಂದ ಫೋನ್ ಮಾಡಿದಳು. ಇಡೀ ಪ್ರಕರಣವನ್ನು ತಡೆಯಬಹುದಾಗಿದ್ದ ಒಂದೇ ಘಟನೆ ಇದು. ಅದು ನಡೆದದ್ದು ಹೀಗೆ.

"ಅಪ್ಪ, ಫಾರ್ಮ್ ತುಂಬಿದ್ರಾ?"

"ಭಾನುವಾರವೇ ಆಯ್ತು. ಮಧ್ಯದಲ್ಲಿ ಸ್ವಲ್ಪ ಕಷ್ಟ ಆಯ್ತಷ್ಟೆ."

"ಮಧ್ಯದ ಭಾಗ ಎಲ್ಲರಿಗೂ ಕಷ್ಟವೇ. ಆದಾಯದ ಹತ್ರ ತಾನೆ? ನಿಜ ಹಾಕಿದ್ದೀರಲ್ಲ?"

ಬಸ್ಸಿನ ಸದ್ದಿನಲ್ಲಿ 'ಆದಾಯ' ಎಂಬ ಒಂದು ಪದ ತಂದೆಗೆ ಕೇಳಿಸದೆ ಹೋಯಿತು. "ನಲವತ್ತೆರಡು," ಎಂದ ತಂದೆ.

"ಅಷ್ಟು ಇದೆಯಾ?"

"ಅಜ್ಜಿನೇ ಟೇಪು ಹಿಡಿದ್ರು."

ಯಾವ ಟೇಪು ಎಂದು ಮಗಳು ಕೇಳುವಷ್ಟರಲ್ಲಿ ಬಸ್ಸು ಸುರಂಗ ಹೊಕ್ಕಿತು.

ಶುಕ್ರವಾರ ಮಧ್ಯಾಹ್ನ ಉಳಿದದ್ದು ಪ್ರತಿ ತೆಗೆಸುವ ಕೆಲಸ. ಫಿಡೆನ್ಸಿಯೊ ಮೊದಲನೇ ಬೀದಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ. ಬಾಗಿಲಿನಲ್ಲಿ ಕೋಟು ತೊಟ್ಟ, ತಲೆಯಿಲ್ಲದ, ಎಲಿಹಿಯೊನದೇ ಹೊಟ್ಟೆಯುಳ್ಳ ಆಕೃತಿಯನ್ನು ಎಲಿಹಿಯೊ ತಳ್ಳಿಕೊಂಡು ಬಂದದ್ದನ್ನು ಕಂಡು ಅವನು ಕೈಯಲ್ಲಿದ್ದ ಕಾಗದದ ಕಟ್ಟನ್ನು ಕೆಳಗಿಟ್ಟ.

"ಇದರ ಪ್ರತಿ ಬೇಕು ಕಂಪಾದ್ರೆ," ಎಂದ ಎಲಿಹಿಯೊ.

ಫಿಡೆನ್ಸಿಯೊ ದಿನಕ್ಕೆ ನೂರು ಫಾರ್ಮ್ ನೋಡುವವನು. ಇದು ಫಾರ್ಮ್ ಅಲ್ಲವೆಂದು ಅವನಿಗೆ ಗೊತ್ತಿತ್ತು. ಆದರೆ ಕಳೆದ ಶನಿವಾರ ಹದಿನಾಲ್ಕು ಜನರ ಮುಂದೆ ಕಂಪಾದ್ರೆಯ ಇಂಗ್ಲಿಷನ್ನು ಶಂಕಿಸಿ ಒಡೀಲಿಯಾಳಿಂದ ಬೈಸಿಕೊಂಡಿದ್ದ. ಫ್ಯಾಷನ್ ಲೋಕದ ಪದ್ಧತಿಗಳೇ ಬೇರೆ ಇರಬಹುದು. ಅವನು ಬೊಂಬೆಯ ಕೋಟು ಬಿಚ್ಚಿ ಯಂತ್ರದ ಮುಚ್ಚಳ ಎತ್ತಿದ, ಇಬ್ಬರೂ ಸೇರಿ ಅದನ್ನು ಗಾಜಿನ ಮೇಲೆ ಬೋರಲು ಮಲಗಿಸಿದರು. ಸಾಲಿನಲ್ಲಿದ್ದ ಮೂವರು ಗಿರಾಕಿಗಳು ದಾರಿ ಬಿಟ್ಟರು.

"ಎರಡೂ ಬದಿನಾ?" ಎಂದು ಕೇಳಿದ ಫಿಡೆನ್ಸಿಯೊ.

"ಎರಡೂ ಬದಿ."

ನಿಧಿಯ ಕಾರ್ಯಾಲಯಕ್ಕೆ ಹೋಗಲು ಎಲಿಹಿಯೊ ಹತ್ತಿದ್ದು ಎರಡು ಐವತ್ತರ ಬಸ್ಸು. ಅತ್ತೆ ದಾರಿಗೆ ತಮಾಲೆ, ಅಂದರೆ ಎಲೆಯಲ್ಲಿ ಸುತ್ತಿ ಬೇಯಿಸಿದ ಜೋಳದ ಕಡುಬು, ಕಟ್ಟಿಕೊಟ್ಟಿದ್ದರು. ಚಾಲಕಿ ಗಾಲಿಗಳನ್ನು ನೋಡಿ ನಿಯಮದ ಪ್ರಕಾರ ಗಾಲಿಕುರ್ಚಿಯ ಜಾಗದಲ್ಲಿ ಫಾರ್ಮನ್ನು ಬೆಲ್ಟು ಹಾಕಿ ಬಿಗಿದಳು. ಕಾರ್ಯಾಲಯದ ಬಾಗಿಲಲ್ಲಿದ್ದ ಕಾವಲುಗಾರ ಎಲಿಹಿಯೊನ ಎದೆಗೊಂದು, ಫಾರ್ಮಿನ ಎದೆಗೊಂದು 'ಸಂದರ್ಶಕ' ಎಂಬ ಚೀಟಿ ಅಂಟಿಸಿದ. ಅರ್ಜಿ ಸ್ವೀಕರಿಸುವ ಮಿಸ್ ಟಾಲಿವರ್ ಅವರ ಮೇಜು ತಲುಪಿದಾಗ ಗಡಿಯಾರದಲ್ಲಿ ಮೂರು ನಲವತ್ತೊಂದು.

ಮಿಸ್ ಟಾಲಿವರ್ ಫಾರ್ಮ್ ಎಲ್ಲಿ ಎಂದು ಕೇಳಿದರು. ಇದೇ ಎಂದ. ಉಡುಪು ತಂದಿರುವುದು ಸರಿ, ಫಾರ್ಮ್ ಎಲ್ಲಿ ಎಂದರು. ಎಲಿಹಿಯೊ ಕೋಟಿನ ಕಾಲರ್ ಸರಿಸಿ ಮೇಲೆ ಕಪ್ಪು ಇಂಕಿನ ಹೆಸರನ್ನೂ, ಅಂಚು ಎತ್ತಿ ಕೆಳಗಿನ ಮೂರು ಸಹಿಗಳನ್ನೂ ತೋರಿಸಿದ. ಒಂದೂ ಗುಂಡುಸೂಜಿ ಚುಚ್ಚಿಲ್ಲವೆಂದು ತಿಳಿಸಿದ. ಮಿಸ್ ಟಾಲಿವರ್ ಇಪ್ಪತ್ತು ವರ್ಷಗಳಿಂದ ಅರ್ಜಿಗಳನ್ನು ಪಡೆದವರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಪತ್ರದ ಜೊತೆ ಒಂದು ಹಳದಿ ಕಾಗದ ಬಂದಿತ್ತಲ್ಲ ಸರ್," ಎಂದರು ನಿಧಾನವಾಗಿ.

ಎಲಿಹಿಯೊ ಕೋಟಿನ ಒಳಜೇಬಿಗೆ ಕೈ ಹಾಕಿ ಪ್ಯಾಟರ್ನ್ ತುಂಡುಗಳನ್ನು ತೆಗೆದ. ಜೇಬಿನ ಆಕಾರಕ್ಕೆ ಅಚ್ಚುಕಟ್ಟಾಗಿ ಕತ್ತರಿಸಿದ ಹಳದಿ ರಟ್ಟು. ಅದರಲ್ಲಿ ಉಳಿದುಕೊಂಡಿದ್ದ ಅಕ್ಷರಗಳು ಇಷ್ಟೇ: 'ಕಚೇರಿಯ ಉಪಯೋಗಕ್ಕೆ ಮಾತ್ರ'.

ಮಿಸ್ ಟಾಲಿವರ್ ನಗಲಿಲ್ಲ. ಇನ್ನೊಂದು ಪ್ರತಿ ಕೊಡಲು ಬರುವುದಿಲ್ಲ, ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಇದೆ, ಕೊಟ್ಟರೂ ಹದಿನೈದು ನಿಮಿಷದಲ್ಲಿ ಮೂರು ಸಹಿ ತರಲಾಗದು ಎಂದು ವಿವರಿಸಿದರು. ಎಲಿಹಿಯೊಗೆ ಆ ಇಂಗ್ಲಿಷ್ ಅಷ್ಟೂ ಅರ್ಥವಾಯಿತು. ಇದು ಮಾತ್ರ ಯಾಕೆ ಅರ್ಥವಾಗಬೇಕಿತ್ತು ಎಂದುಕೊಂಡು ಅವನು ಬೊಂಬೆಯ ಭುಜ ಹಿಡಿದು ಬಾಗಿಲ ಕಡೆ ತಿರುಗಿಸಿದ. ಒಂದು ಗಾಲಿ ಕಿರ್ ಎಂದಿತು.

ಆ ಸದ್ದಿಗೆ ಒಳಕೋಣೆಯಿಂದ ಒಬ್ಬ ವಯಸ್ಸಾದ ಹೆಂಗಸು ಕಾಫಿ ಲೋಟದೊಂದಿಗೆ ಹೊರಗೆ ಬಂದರು. ಕುತ್ತಿಗೆಯಲ್ಲಿ ಅಳತೆ ಟೇಪು. ಆ ಉಡುಪು ಕಂಪನಿಯ ಪ್ಯಾಟರ್ನ್ ಕೋಣೆಯ ಮುಖ್ಯಸ್ಥೆ, ಅಂದಿನ ತೀರ್ಪುಗಾರರಲ್ಲಿ ಒಬ್ಬರು. ಲೋಟವನ್ನು ಮಿಸ್ ಟಾಲಿವರ್‌ರ ಮೇಜಿನ ಮೇಲಿಟ್ಟು ಕೋಟಿನ ಸುತ್ತ ಒಂದು ಸುತ್ತು ಬಂದರು. ಅಂಚನ್ನು ನೋಡಿದರು, ಅದು ಮುಂದೆಯೂ ಹಿಂದೆಯೂ ನೆಲದಿಂದ ಒಂದೇ ಎತ್ತರದಲ್ಲಿತ್ತು. ಹೊಟ್ಟೆಯ ಮೇಲೆ ಅಂಗೈ ಸವರಿದರು. ಬಲಜೇಬು ಎಳೆಯುತ್ತದೆಯೋ ನೋಡಲು ಕೈ ಇಳಿಸಿ, ಬಿಸಿ ಇನ್ನೂ ಆರಿರದ ಎರಡು ತಮಾಲೆಗಳನ್ನು ಹೊರತೆಗೆದರು. ಅಷ್ಟು ಭಾರವಿದ್ದೂ ಜೇಬು ಜೋತಿರಲಿಲ್ಲ.

"ಇದು ಯಾರ ಮೈ?" ಎಂದು ಕೇಳಿದರು.

"ನಂದು ಮೇಡಂ," ಎಂದ ಎಲಿಹಿಯೊ. "ಸುಳ್ಳು ವಿವರ ಕೊಡಬಾರದು ಅಂತ ಇತ್ತು."

ಅವರು ಅವನ ಹೊಟ್ಟೆ ನೋಡಿದರು, ಬೊಂಬೆಯ ಹೊಟ್ಟೆ ನೋಡಿದರು. "ಬೆಳಿಗ್ಗೆಯಿಂದ ಹತ್ತು ಉಡುಪು ನೋಡಿದೆ," ಎಂದರು ಮಿಸ್ ಟಾಲಿವರ್ ಕಡೆ ತಿರುಗಿ. "ಹತ್ತೂ ಎಂಟನೇ ಸೈಜು. ನಾನು ಬಟ್ಟೆ ಮಾರೋ ಊರಲ್ಲಿ ಹೊಟ್ಟೆ ಇರೋ ಜನರೂ ಇದ್ದಾರೆ ಅಂತ ಗೊತ್ತಿರೋನು ಇವನೊಬ್ಬನೇ. ಇವನ ಅರ್ಜಿ ತಗೊಂಡ್ರಾ?"

ಫಾರ್ಮ್ ಇಲ್ಲವೆಂದು ಮಿಸ್ ಟಾಲಿವರ್ ಹೇಳಿದರು. ಫಾರ್ಮ್ ನನ್ನ ಕಣ್ಣಿಗೆ ಕಾಣುತ್ತಿದೆಯಲ್ಲ ಎಂದರು ಆಕೆ.

ಮಿಸ್ ಟಾಲಿವರ್ ನಿಯಮ ಮುರಿಯುವವರಲ್ಲ. ನಿಯಮಾವಳಿಯನ್ನೇ ತೆಗೆದು ಬೆರಳಿಟ್ಟು ಓದಿದರು. ಮೇಲೆ ಪೂರ್ಣ ಹೆಸರು, ಇದೆ. ಕಪ್ಪು ಇಂಕು, ಹೌದು. ಮೂರು ಸಹಿ, ಇವೆ. ಫಾರ್ಮ್ ಕಾಗದದ್ದಾಗಿರಬೇಕು ಎಂದು ಬರೆಯುವ ಅಗತ್ಯ ಇದುವರೆಗೆ ಯಾರಿಗೂ ಕಂಡಿರಲಿಲ್ಲ. ವಿವರಗಳು ನಿಜವೇ ಎಂದು ಪರಿಶೀಲಿಸುವುದು ಉಳಿಯಿತು. ಅವರು ಟೇಪು ಕೇಳಿ ಪಡೆದು, ಮೊದಲು ಫಾರ್ಮನ್ನು ಅಳೆದರು, ಆಮೇಲೆ ಎಲಿಹಿಯೊನನ್ನು.

"ಉಸಿರು ಬಿಡಿ ಸರ್," ಎಂದರು.

ಬಿಟ್ಟ. ಎರಡೂ ನಲವತ್ತೆರಡು. ಮೂರು ಐವತ್ತೆಂಟಕ್ಕೆ ಫಾರ್ಮಿನ ಎಡ ಎದೆಯ ಮೇಲೆ 'ಸ್ವೀಕರಿಸಲಾಗಿದೆ' ಎಂಬ ಮೊಹರು ಬಿತ್ತು. ವಾಪಸು ಕೊಡುವುದಿಲ್ಲ ಎಂಬ ಷರತ್ತಿನಂತೆ ಅದನ್ನು ಒಳಗಿಟ್ಟುಕೊಂಡರು. ಎಲಿಹಿಯೊ ಖಾಲಿ ಕೈಯಲ್ಲಿ ಬಸ್ಸು ಹತ್ತಿ ಮನೆಗೆ ಬಂದ. ಹಜಾರದ ಮೂಲೆ ನೋಡಿ ಡೋನ್ಯಾ ಎರ್ಲಿಂಡಾ, ಅವಳಿಗೂ ಅಲ್ಲಿ ಕೆಲಸ ಸಿಕ್ಕಿತೇ ಎಂದು ವಿಚಾರಿಸಿದರು. ಒಂದು ವಾರ ಅವರು ಜಪಕ್ಕೆ ಕೂತಾಗೆಲ್ಲ ಅಭ್ಯಾಸ ತಪ್ಪದೆ ಶಾಲು ಹಿಡಿದು ಎದ್ದು, ಮತ್ತೆ ಕೂರುತ್ತಿದ್ದರು.

ಫಲಿತಾಂಶ ಹನ್ನೆರಡನೇ ದಿನ ಬಂತು. ಈ ಸಲ ಎಲಿಹಿಯೊ ಲಕೋಟೆ ಒಡೆಯುವ ಮೊದಲೇ ಮಗಳಿಗೆ ಫೋನ್ ಮಾಡಿದ. ಅವನು ಫೋನಿನಲ್ಲಿ ತೋರಿಸಿದ ಪತ್ರವನ್ನು ಅವಳು ಓದಿ, ಗೆದ್ದಿದ್ದೀರಿ ಅಪ್ಪ ಎಂದಳು, ಫಾರ್ಮ್ ಎಂಬ ಪದದ ಎರಡನೇ ಅರ್ಥವನ್ನು ನಲವತ್ತು ನಿಮಿಷ ತಿಳಿಸಿಕೊಟ್ಟಳು. ಅವನು ಕೇಳಿಸಿಕೊಂಡು, ನೆನಪಿಟ್ಟುಕೊಳ್ಳುತ್ತೇನೆ ಎಂದು ಮಾತು ಕೊಟ್ಟ. ಕೊಟ್ಟ ಮಾತಿಗೆ ತಪ್ಪುವವನಲ್ಲ.

ಪ್ಯಾಟರ್ನ್ ಕೋಣೆಯಲ್ಲಿ ನಿಜವಾಗಿಯೂ ಕಿಟಕಿ ಇತ್ತು. ಮೊದಲ ದಿನ ಬೆಳಿಗ್ಗೆ ಒಂಬತ್ತೂ ಕಾಲಿಗೆ ಮುಖ್ಯಸ್ಥೆ ಮೇಜಿನಿಂದ ತಲೆ ಎತ್ತದೆ ಹೇಳಿದರು: "ಎಲಿಹಿಯೊ, ಒಂದು ಫಾರ್ಮ್ ತಗೊಂಡು ಬಾ. ಎಂಟು."

ಅವನ ಬೆನ್ನ ಹಿಂದೆ ಗೋಡೆಯುದ್ದಕ್ಕೂ ಹದಿನಾರು ಬೊಂಬೆಗಳು ನಿಂತಿದ್ದವು. ಕೊನೆಯದು ಅವನದೇ, ಹೊಟ್ಟೆ ಸಮೇತ, ನಿಧಿಯವರು ಕಂಪನಿಗೆ ದಾನ ಕೊಟ್ಟದ್ದು. ಎಲಿಹಿಯೊ ಅವುಗಳನ್ನು ದಾಟಿ ನೆಟ್ಟಗೆ ನಡೆದು ಹೊರಗೆ ಹೋದ. ಲಿಫ್ಟು ಹತ್ತಿ ಎರಡು ಮಹಡಿ ಕೆಳಗಿದ್ದ ಕಚೇರಿಗೆ ಇಳಿದ. ಇಪ್ಪತ್ತು ನಿಮಿಷದ ನಂತರ ಕೈಯಲ್ಲೊಂದು ಹಾಳೆ ಹಿಡಿದು ಬಂದ.

"ಎಂಟನೇ ನಂಬರಿನ ಫಾರ್ಮ್ ಇಲ್ವಂತೆ ಮೇಡಂ," ಎಂದ. "ಒಂಬತ್ತು ಇತ್ತು. ಕಪ್ಪು ಇಂಕಿನಲ್ಲಿ ತುಂಬಿಯೇ ತಂದಿದ್ದೀನಿ."